ಎಮಿಷನ್ ಟೆಸ್ಟ್: ಮಾಡಿಸುವುದು ಹೇಗೆ, ಚೀಟಿ ಓದುವುದು ಹೇಗೆ?

ಬಂಕಿನ ಮೂಲೆಯಲ್ಲಿ ನಿಂತಿರುವ ವ್ಯಾನಿನ ಪಕ್ಕ ಗಾಡಿ ನಿಲ್ಲಿಸಿ, ದುಡ್ಡು ಕೊಟ್ಟು, ಕೊಟ್ಟ ಕಾಗದವನ್ನು ಮಡಚಿ ಡಿಕ್ಕಿಗೆ ಹಾಕಿಕೊಂಡರೆ ಬಹಳ ಜನರಿಗೆ ಎಮಿಷನ್ ಟೆಸ್ಟ್ ಮುಗಿದಂತೆ. ಪೊಲೀಸರು ಕೈ ಅಡ್ಡ ಹಿಡಿದಾಗಲೇ ಅದು ಮತ್ತೆ ಹೊರಗೆ ಬರುವುದು. ಆದರೆ ಅದರಲ್ಲಿ ಅಚ್ಚಾಗಿರುವ ಎರಡು ಮೂರು ಅಂಕಿಗಳನ್ನು ಓದಲು ಬಂದರೆ, ಎಂಜಿನ್ ಕೆಡುವ ಸೂಚನೆ ಮೆಕ್ಯಾನಿಕ್‌ಗಿಂತ ಮೊದಲು ನಿಮಗೇ ಸಿಗುತ್ತದೆ.

ಮೊದಲು ಗಡುವು ನೋಡಿಕೊಳ್ಳಿ

ಹೊಸ ಗಾಡಿಗೆ ನೋಂದಣಿಯಾದ ದಿನದಿಂದ ಒಂದು ವರ್ಷ ಈ ಸರ್ಟಿಫಿಕೇಟ್ ಬೇಡ. ಆಮೇಲೆ ಬಿಎಸ್-4 ಮತ್ತು ಬಿಎಸ್-6 (ಬಿಎಸ್ ಅಂದರೆ ಭಾರತ್ ಸ್ಟೇಜ್, ಗಾಡಿಯ ಹೊಗೆಗೆ ಸರ್ಕಾರ ಹಾಕಿದ ಮಿತಿಯ ಹಂತ) ಗಾಡಿಗಳಿಗೆ ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯವಕ್ಕೆ ಆರು ತಿಂಗಳಿಗೊಮ್ಮೆ. ಬ್ಯಾಟರಿ ಗಾಡಿಯವರಿಗೆ ಇದರ ಗೊಡವೆಯೇ ಇಲ್ಲ.

ನಿಮ್ಮದು ಯಾವ ಬಿಎಸ್ ಎಂಬುದು ಹೊಸ ಮಾದರಿಯ ಆರ್‌ಸಿಯಲ್ಲೇ ಇರುತ್ತದೆ. ಇಲ್ಲದಿದ್ದರೆ ಇಸವಿ ನೋಡಿ ಅಂದಾಜು ಮಾಡಬಹುದು. ಬಿಎಸ್-6 ದೇಶಕ್ಕೆಲ್ಲ ಬಂದದ್ದು 2020ರ ಏಪ್ರಿಲ್ 1ರಂದು, ಬಿಎಸ್-4 ಬಂದದ್ದು 2017ರ ಏಪ್ರಿಲ್‌ನಲ್ಲಿ. ನಡುವಿನ ಬಿಎಸ್-5 ಅನ್ನು ಸರ್ಕಾರ ಹಾರಿಸಿಬಿಟ್ಟಿತು. ಬೆಂಗಳೂರು ಸೇರಿ ಕೆಲವು ದೊಡ್ಡ ನಗರಗಳಲ್ಲಿ ಕಾರುಗಳಿಗೆ ಮಾತ್ರ ಬಿಎಸ್-4 ಅನ್ನು 2010ರಲ್ಲೇ ತಂದಿದ್ದರು. ಹಾಗಾಗಿ 2012ರ ಬೆಂಗಳೂರು ಕಾರು ವರ್ಷದ ಲೆಕ್ಕಕ್ಕೆ ಬಂದರೂ, ಅದೇ ವರ್ಷ ಅದೇ ಮನೆಗೆ ಬಂದ ಬೈಕು ಆರು ತಿಂಗಳ ಲೆಕ್ಕದಲ್ಲೇ ಉಳಿದಿರಬಹುದು.

ಗಡುವು ಮೀರಿದರೆ? 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆ ಹತ್ತು ಸಾವಿರ ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲಿಗೆ ಅವಕಾಶ ಕೊಟ್ಟಿದೆ.

ಗಾಡಿಯನ್ನು ಬಿಸಿ ಮಾಡಿಕೊಂಡೇ ಹೋಗಿ

ಮನೆ ಪಕ್ಕದಲ್ಲೇ ಕೇಂದ್ರವಿದೆ ಎಂದು ಬೆಳಿಗ್ಗೆ ತಣ್ಣಗಿರುವ ಗಾಡಿಯನ್ನು ತಳ್ಳಿಕೊಂಡು ಹೋಗಬೇಡಿ. ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಸುಮಾರು 250–300 ಡಿಗ್ರಿ ಕಾವು ಬರುವವರೆಗೆ ಸರಿಯಾಗಿ ಕೆಲಸ ಮಾಡುವುದಿಲ್ಲ, ವಿಷಾನಿಲ ಹಾಗೆಯೇ ಹೊರಗೆ ಬರುತ್ತದೆ. ಹತ್ತು ಹದಿನೈದು ನಿಮಿಷ ಓಡಿಸಿ, ನೇರವಾಗಿ ಟೆಸ್ಟ್‌ಗೆ ನಿಲ್ಲಿಸಿ. ಏರ್ ಫಿಲ್ಟರ್ ಧೂಳು ಕುಡಿದಿದ್ದರೆ ಮೊದಲು ಬದಲಾಯಿಸಿ. ಆಯಿಲ್ ಬದಲಿಸುವ ಹೊತ್ತು ಬಂದಿದ್ದರೆ ಸರ್ವೀಸ್ ಮುಗಿಸಿಕೊಂಡೇ ಹೋಗುವುದು ಜಾಣತನ.

ಕೇಂದ್ರದಲ್ಲಿ ಕಣ್ಣಿಟ್ಟು ನಿಲ್ಲಿ

ನಂಬರ್ ಪ್ಲೇಟ್ ಕಾಣುವಂತೆ ಫೋಟೋ ತೆಗೆಯುತ್ತಾರೆ, ಮೊಬೈಲ್ ನಂಬರ್ ಕೇಳುತ್ತಾರೆ. ಪೆಟ್ರೋಲ್ ಗಾಡಿಯಾದರೆ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಉದ್ದನೆಯ ಲೋಹದ ನಳಿಕೆಯನ್ನು ಸೈಲೆನ್ಸರ್ ಒಳಗೆ ತೂರಿಸುತ್ತಾರೆ. ಪರದೆಯ ಮೇಲಿನ ಅಂಕಿ ಸ್ವಲ್ಪ ಹೊತ್ತು ಏರಿಳಿದು ಒಂದು ಕಡೆ ನಿಲ್ಲಬೇಕು. ಹೊಸ ಕಾರಾದರೆ 2500 ಆರ್‌ಪಿಎಂ ಸುತ್ತಮುತ್ತ ರೇಸ್ ಮಾಡಿಯೂ ನೋಡುತ್ತಾರೆ. ಡೀಸೆಲ್ ಗಾಡಿಯ ಪರೀಕ್ಷೆಯೇ ಬೇರೆ: ನ್ಯೂಟ್ರಲ್‌ನಲ್ಲಿ ಎಕ್ಸಿಲರೇಟರನ್ನು ಹಲವು ಸಲ ಪೂರ್ತಿ ಒತ್ತಿಸಿ, ಹೊಗೆ ಎಷ್ಟು ದಟ್ಟ ಎಂದು ಅಳೆಯುತ್ತಾರೆ. ಆ ಸದ್ದಿಗೆ ಹೆದರಬೇಡಿ.

ನಳಿಕೆಯನ್ನೇ ಹಾಕದೆ ಕಾಗದ ಕೊಡುವವರೂ ಇದ್ದಾರೆ. ಅವರಿಂದ ತಗೊಂಡರೆ ಪೊಲೀಸರ ಕಾಟ ತಪ್ಪೀತು, ನಿಮ್ಮ ಗಾಡಿಯ ಸ್ಥಿತಿ ಮಾತ್ರ ತಿಳಿಯುವುದಿಲ್ಲ. ‘ನಳಿಕೆ ಹಾಕಿ’ ಎಂದು ಬಾಯಿಬಿಟ್ಟು ಕೇಳಿ.

ಚೀಟಿ ಓದುವುದು

ಪೆಟ್ರೋಲ್ ಗಾಡಿಯ ಚೀಟಿಯಲ್ಲಿ ಮುಖ್ಯವಾದವು ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್. ಬಿಎಸ್-4 ಕಾರಿಗೆ ಮಿತಿ ಕ್ರಮವಾಗಿ ಶೇ 0.3 ಮತ್ತು 200 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 200 ಭಾಗ). ಮೊದಲನೆಯದು ಹೆಚ್ಚಿದ್ದರೆ ಎಂಜಿನ್‌ಗೆ ಗಾಳಿ ಸಾಲುತ್ತಿಲ್ಲ ಅಥವಾ ಪೆಟ್ರೋಲ್ ಹೆಚ್ಚು ಹೋಗುತ್ತಿದೆ ಎಂದು ಲೆಕ್ಕ. ಏರ್ ಫಿಲ್ಟರ್, ಹಳೆಯ ಬೈಕಿನ ಕಾರ್ಬುರೇಟರ್, ಹೊಸ ಗಾಡಿಯ ಆಕ್ಸಿಜನ್ ಸೆನ್ಸರ್ ಮೇಲೆ ಅನುಮಾನಪಡಿ. ಎರಡನೆಯದು ಹೆಚ್ಚಿದ್ದರೆ ಇಂಧನ ಉರಿಯದೆಯೇ ಹೊರಗೆ ಹೋಗುತ್ತಿದೆ, ಸ್ಪಾರ್ಕ್ ಪ್ಲಗ್ ಬಿಚ್ಚಿಸಿ ನೋಡಿ. ಎರಡೂ ಹೆಚ್ಚಿದ್ದರೆ ಮೈಲೇಜ್ ಆಗಲೇ ಇಳಿದಿರುತ್ತದೆ. ಕಳೆದ ಸಲದ ಚೀಟಿಯನ್ನು ಪಕ್ಕದಲ್ಲಿಟ್ಟು ಹೋಲಿಸಿ: ಪಾಸಾಗಿದ್ದರೂ ಅಂಕಿ ದುಪ್ಪಟ್ಟಾಗಿದ್ದರೆ ಸುಮ್ಮನಿರಬೇಡಿ.

ಡೀಸೆಲ್ ಚೀಟಿಯಲ್ಲಿ ನೋಡಬೇಕಾದದ್ದು ಹೊಗೆಯ ದಟ್ಟಣೆ. 1/ಮೀಟರ್ ಲೆಕ್ಕದಲ್ಲಿ ಬಿಎಸ್-4 ಗಾಡಿಗೆ ಮಿತಿ 1.62, ಅದಕ್ಕೂ ಹಳೆಯವಕ್ಕೆ 2.45.

ಈ ಪರೀಕ್ಷೆಗೆ ಒಂದು ದೊಡ್ಡ ಕೊರತೆಯಿದೆ. ಡೀಸೆಲ್ ಎಂಜಿನ್ ಹೆಚ್ಚಾಗಿ ಉಗುಳುವ ನೈಟ್ರೋಜನ್ ಆಕ್ಸೈಡುಗಳನ್ನು ಇದು ಅಳೆಯುವುದೇ ಇಲ್ಲ, ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳನ್ನು ಎಣಿಸುವುದೂ ಇಲ್ಲ. ರಸ್ತೆಯ ಮೇಲೆ ಓಡಿಸಿಯೇ ಅವನ್ನು ಅಳೆಯುವ ನಿಯಮ 2023ರ ಏಪ್ರಿಲ್‌ನಿಂದ ಬಂದಿದೆ ನಿಜ. ಆದರೆ ಅದು ಹೊಸ ಮಾದರಿಗಳನ್ನು ಮಾರುಕಟ್ಟೆಗೆ ಬಿಡುವ ಕಂಪನಿಗಳಿಗೆ, ಬಂಕಿನ ವ್ಯಾನಿಗಲ್ಲ.

ಫೇಲಾದರೆ

2021ರ ಹೊಸ ನಿಯಮದ ಪ್ರಕಾರ ಕಾರಣ ಬರೆದ ತಿರಸ್ಕಾರದ ಚೀಟಿಯನ್ನು ಕೊಡಬೇಕು. ಕೊಡದಿದ್ದರೆ ಕೇಳಿ ಪಡೆಯಿರಿ. ಗ್ಯಾರೇಜಿಗೆ ಹೋದಾಗ ‘ಹೊಗೆ ಜಾಸ್ತಿ ಅಂತೆ’ ಎನ್ನುವ ಬದಲು ಅಂಕಿಯನ್ನೇ ತೋರಿಸಬಹುದು. ಮೊದಲು ಅಗ್ಗದ ರಿಪೇರಿ: ಫಿಲ್ಟರ್, ಪ್ಲಗ್, ಆಯಿಲ್. ಅದಕ್ಕೂ ಬಗ್ಗದಿದ್ದರೆ ಸೆನ್ಸರ್, ಇಂಜೆಕ್ಟರ್. ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸಬೇಕು ಎಂದು ಮೊದಲ ಮಾತಿಗೇ ಹೇಳುವ ಗ್ಯಾರೇಜಿನಿಂದ ಗಾಡಿ ಹೊರಗೆ ತಂದು ಇನ್ನೊಬ್ಬರಿಗೆ ತೋರಿಸಿ, ಅದು ಸಣ್ಣ ಖರ್ಚಲ್ಲ.

ಪಾಸಾದ ಮೇಲೆ ಕಾಗದ ಕಳೆದುಹೋದರೂ ಚಿಂತೆಯಿಲ್ಲ. ವಿವರ ಸರ್ಕಾರದ ಗಾಡಿ ನೋಂದಣಿಯ ‘ವಾಹನ್’ ದತ್ತಾಂಶದಲ್ಲಿ ಸೇರಿರುತ್ತದೆ. ಪರಿವಾಹನ್ ಜಾಲತಾಣದಲ್ಲಿ ಗಾಡಿ ನಂಬರ್ ಮತ್ತು ಚಾಸಿ ನಂಬರಿನ ಕೊನೆಯ ಐದು ಅಂಕಿ ಹಾಕಿದರೆ ಇನ್ನೊಂದು ಪ್ರತಿ ಸಿಗುತ್ತದೆ.