ಸ್ಪೀಕರ್ ತೆಗೆದುಕೊಳ್ಳುವ ಮೊದಲು ಮದ್ದಳೆ ಕೇಳಿಸಿ ನೋಡಿ

ಕುಂಬಳೆ, ಬದಿಯಡ್ಕ ಕಡೆಯ ಗೆಳೆಯರೇ, ಸ್ಪೀಕರ್ ಆರಿಸುವಾಗ ಸುಮ್ನೆ ವ್ಯಾಟ್ ಲೆಕ್ಕಕ್ಕೆ ಮರುಳಾಗಬೇಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಯಕ್ಷಗಾನದ ಒಂದು ರೆಕಾರ್ಡಿಂಗ್ ಅಂಗಡಿಗೆ ಒಯ್ಯಿರಿ. ಭಾಗವತರ ಸ್ವರ ಎದುರಿಗೇ ಕೂತು ಹಾಡಿದಂತಿದೆಯಾ? ಮದ್ದಳೆಯ ಪೆಟ್ಟು ಬಿಡಿಬಿಡಿಯಾಗಿ ಕೇಳುತ್ತದಾ, ಇಲ್ಲ ಗುಂಯ್ ಅಂತ ಎಳೆಯುತ್ತದಾ? ಚೆಂಡೆ ಏರಿದಾಗಲೂ ಪದದ ಮಾತು ತಿಳಿಯಬೇಕು. ನನಗೆ ಸಂಗೀತ ಅನ್ನಿಸುವುದು ಇಲ್ಲೇ. ಬರೀ ಬೇಸ್, ಅಂದರೆ ತಗ್ಗು ಸ್ವರದ ಗುಡುಗು, ಜಾಸ್ತಿ ಇದ್ದರೆ ಸ್ವಲ್ಪ ಹೊತ್ತಿಗೇ ತಲೆ ಭಾರವಾಗುತ್ತದೆ.

ಎರಡು ಸ್ಪೀಕರ್ ಹೋಲಿಸುವಾಗ ಸದ್ದಿನ ಮಟ್ಟ ಒಂದೇ ಇರಲಿ. 1 ಡೆಸಿಬೆಲ್ ಜೋರಿದ್ದರೂ ಕಿವಿ ಹೆಚ್ಚಾಗಿ ಅದನ್ನೇ ಮೆಚ್ಚುತ್ತದೆ.

ಇನ್ನು ಮನೆ. ಟೈಲ್ಸ್ ನೆಲ, ಖಾಲಿ ಗೋಡೆ ಇದ್ದರೆ ಎಷ್ಟು ಒಳ್ಳೆಯ ಸೆಟ್ ಆದರೂ ಸದ್ದು ಚುಚ್ಚುತ್ತದೆ. ದಪ್ಪ ಜಮಖಾನ ಹಾಸಿ, ಪರದೆ ಹಾಕಿ. ಸ್ಪೀಕರನ್ನು ಮೂಲೆಗೆ ಒತ್ತಬೇಡಿ, ಬೇಸ್ ಉಬ್ಬುತ್ತದೆ. ಗೋಡೆಯಿಂದ ಒಂದೆರಡು ಅಡಿ ಮುಂದಿಡಿ. ಟ್ವೀಟರ್, ಅಂದರೆ ಏರು ಸ್ವರ ಹೊರಡಿಸುವ ಪೆಟ್ಟಿಗೆಯೊಳಗಿನ ಚಿಕ್ಕ ಸ್ಪೀಕರ್, ಕೂತವರ ಕಿವಿಯ ಮಟ್ಟಕ್ಕಿರಲಿ. ಎರಡು ಸ್ಪೀಕರ್ ಮತ್ತು ನೀವು ಸೇರಿ ಸಮಬಾಹು ತ್ರಿಕೋನವಾದರೆ ಭಾಗವತರ ಸ್ವರ ಸರಿಯಾಗಿ ನಡುವಿನಿಂದ ಬರುತ್ತದೆ. ದುಬಾರಿ ಕೇಬಲ್‌ಗೆ ದುಡ್ಡು ಹಾಕುವ ಮೊದಲು ಇಷ್ಟು ಮಾಡಿ ನೋಡಿ.