ಮನೆ ಪ್ರಾರ್ಥನೆಯಲ್ಲಿ ಹೊಸ ಹುಟ್ಟಿನ ಪಾಠ ಹೇಳಿಕೊಡುವುದು ಹೇಗೆ?

ಹೊಸ ಹುಟ್ಟು ಅಂದರೆ ಬದುಕಿರುವಾಗಲೇ ದೇವರು ಮನುಷ್ಯನಿಗೆ ಒಳಗಿನಿಂದ ಹೊಸ ಜೀವ ಕೊಡುವುದು. ಆದರೆ ಯಾರನ್ನೂ "ನೀವು ಹೊಸದಾಗಿ ಹುಟ್ಟಿದ ತಾರೀಕು ಯಾವುದು?" ಅಂತ ಕೇಳಬೇಡಿ. ಮನೆ ಪ್ರಾರ್ಥನೆ ನಡೆಸಲು ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಈ ಪ್ರಶ್ನೆ ಬಿದ್ದ ಕೂಡಲೇ ಕೂತವರಲ್ಲಿ ಎರಡು ಗುಂಪು ಆಗುತ್ತದೆ. ತಾರೀಕು ಇದ್ದವರು ಜೋರಾಗಿ ಮಾತಾಡುತ್ತಾರೆ. ಇಲ್ಲದವರು ಸೆರಗು ಸರಿ ಮಾಡಿಕೊಳ್ಳುತ್ತಾ ನೆಲ ನೋಡುತ್ತಾರೆ. ಕೆಲವರಂತೂ ಅಲ್ಲೇ ಒಂದು ತಾರೀಕು ಹುಟ್ಟಿಸಿ ಹೇಳಿಬಿಡುತ್ತಾರೆ!

ನಾನು ಬೀದರ್‌ನವಳು, ಮೆಥೋಡಿಸ್ಟ್ ಮನೆತನದವಳು. ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತಿಯಾದೆ. ಈಗ ಶುಕ್ರವಾರದ ಮನೆ ಪ್ರಾರ್ಥನೆ, ದೃಢೀಕರಣಕ್ಕೆ (ದೊಡ್ಡವರಾದ ಮೇಲೆ ತಮ್ಮ ಬಾಯಿಂದಲೇ ನಂಬಿಕೆ ಹೇಳುವ ವಿಧಿಗೆ) ತಯಾರಾಗುವ ಮಕ್ಕಳ ಕ್ಲಾಸು ಎರಡೂ ನನ್ನ ಪಾಲಿಗೆ ಬಂದಿವೆ. ಯೇಸು ಹೊಸ ಹುಟ್ಟಿನ ಮಾತು ಹೇಳುವುದು ಬೈಬಲ್ಲಿನ ಯೋಹಾನನ ಸುವಾರ್ತೆಯ 3ನೇ ಅಧ್ಯಾಯದಲ್ಲಿ, ಅದು ಅಲ್ಲಿ ಮತ್ತೆ ಮತ್ತೆ ಬರುತ್ತದೆ. ಎಲ್ಲರಿಗೂ ಬಾಯಿಪಾಠ ಇರುವ 16ನೇ ವಚನ ಇರುವುದು ಅದರಲ್ಲೇ. ಅದಕ್ಕೇ ಅದನ್ನು ಹೇಳಿಕೊಡುವುದು ಕಷ್ಟ. ಗೊತ್ತಿದೆ ಅಂದುಕೊಂಡವರಿಗೆ ಪಾಠ ಹೇಳುವುದು ಎಷ್ಟು ಕಷ್ಟ ಅಂತ ಯಾವ ಮೇಷ್ಟ್ರನ್ನು ಕೇಳಿದರೂ ಹೇಳುತ್ತಾರೆ.

ಓದುವುದನ್ನು 3ನೇ ಅಧ್ಯಾಯದ ಮೊದಲ ವಚನದಿಂದ ಶುರು ಮಾಡಬೇಡಿ. ಸ್ವಲ್ಪ ಹಿಂದಕ್ಕೆ ಹೋಗಿ, 2ನೇ ಅಧ್ಯಾಯದ 23ನೇ ವಚನದಿಂದ ಓದಿಸಿ. ಬೈಬಲ್ಲಿಗೆ ಅಧ್ಯಾಯದ ಗೆರೆ ಎಳೆದದ್ದು 13ನೇ ಶತಮಾನದಲ್ಲಿ. ಯೋಹಾನ ಬರೆಯುವಾಗ ಆ ಗೆರೆ ಇರಲಿಲ್ಲ. ಹಿಂದಿನ ಮೂರು ವಚನದಲ್ಲಿ ಏನಿದೆ ನೋಡಿ. ಯೆಹೂದ್ಯರ ಪಸ್ಕ ಹಬ್ಬದಲ್ಲಿ ಯೇಸು ಮಾಡಿದ ಅದ್ಭುತ ನೋಡಿ ಬಹಳ ಜನ ನಂಬಿದರು, ಆದರೆ ಯೇಸು ಅವರ ಮೇಲೆ ಭರವಸೆ ಇಡಲಿಲ್ಲ. ಮನುಷ್ಯರ ಒಳಗೆ ಏನಿದೆ ಅಂತ ಅವನಿಗೆ ಗೊತ್ತಿತ್ತು. ಅದರ ಬೆನ್ನಿಗೇ, ರಾತ್ರಿ ಹೊತ್ತು, ನಿಕೊದೇಮ ಅನ್ನುವ ಧರ್ಮಬೋಧಕ ಯೇಸುವಿನ ಹತ್ತಿರ ಬರುತ್ತಾನೆ. ಬಂದವನೇ, ನೀವು ಮಾಡುವ ಅದ್ಭುತ ನೋಡಿದರೆ ದೇವರ ಕಡೆಯಿಂದಲೇ ಬಂದವರು ಅಂತ ಗೊತ್ತಾಗುತ್ತದೆ ಅನ್ನುತ್ತಾನೆ. ಯೇಸು ಭರವಸೆ ಇಡದ ನಂಬಿಕೆ ಯಾವುದೋ ಅದೇ ಅವನ ಬಾಯಲ್ಲಿ ಬಂತಲ್ವಾ? ಆ ಹೊಗಳಿಕೆಗೆ ಯೇಸು ಉತ್ತರವನ್ನೇ ಕೊಡುವುದಿಲ್ಲ. ಹೊಸದಾಗಿ ಹುಟ್ಟದೆ ದೇವರ ರಾಜ್ಯ ಕಾಣಲಿಕ್ಕೆ ಆಗುವುದಿಲ್ಲ ಅಂತ ನೇರ ಹೇಳುತ್ತಾನೆ. ಮೂರು ವಚನ ಬಿಟ್ಟು ಓದಿದರೆ ಈ ಮಾತು ಎಲ್ಲಿಂದಲೋ ಬಂದು ಬಿದ್ದಂತೆ ಕಾಣುತ್ತದೆ.

ಓದಲು ಮೂವರನ್ನು ಗೊತ್ತು ಮಾಡಿ. ಒಬ್ಬರು ಯೇಸುವಿನ ಮಾತು, ಒಬ್ಬರು ನಿಕೊದೇಮನ ಮಾತು, ಒಬ್ಬರು ಉಳಿದದ್ದು. ಎಲ್ಲರ ಕೈಯಲ್ಲೂ ಒಂದೇ ಭಾಷಾಂತರ ಇರಲಿ. ಹಿರಿಯರ ದಪ್ಪಕ್ಷರದ ಹಳೆ ಬೈಬಲ್ಲು ಒಂದು ರೀತಿ ಓದುತ್ತದೆ, ಹುಡುಗರ ಮೊಬೈಲ್ ಇನ್ನೊಂದು ರೀತಿ. ಅರ್ಧ ಸಮಯ "ನನ್ನಲ್ಲಿ ಹೀಗಿಲ್ಲ" ಅನ್ನುವುದರಲ್ಲೇ ಹೋಗುತ್ತದೆ. ಕರೆಂಟ್ ಹೋದರೆ ಹೋಗಲಿ, ಇದು ರಾತ್ರಿ ನಡೆದ ಕಥೆ.

ರಾತ್ರಿ ಯಾಕೆ ಬಂದ ಅಂತ ಮಕ್ಕಳನ್ನು ಕೇಳಿ. "ಹೆದರಿಕೆ" ಅನ್ನುತ್ತಾರೆ. ಇರಬಹುದು. ಅಲ್ಲಿಗೇ ನಿಲ್ಲಿಸಬೇಡಿ, 19ರಿಂದ 21ನೇ ವಚನ ತೋರಿಸಿ. ಬೆಳಕು ಬಂತು, ಜನ ಕತ್ತಲೆಯನ್ನೇ ಹೆಚ್ಚು ಇಷ್ಟಪಟ್ಟರು ಅಂತ ಅಲ್ಲಿದೆ. ಮುಂದೆ 13ನೇ ಅಧ್ಯಾಯದಲ್ಲಿ, ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದ ಊಟದಿಂದ ಎದ್ದು ಹೊರಗೆ ಹೋದಾಗಲೂ ಯೋಹಾನ ಮರೆಯದೆ ಬರೆಯುತ್ತಾನೆ: ಆಗ ರಾತ್ರಿಯಾಗಿತ್ತು.

ಈಗ ಪಾಠದ ನಡುಮಧ್ಯ. ನಿಕೊದೇಮ ಯಾರು ಅಂತ ನಿಧಾನವಾಗಿ ಹೇಳಿ. ಅವನು ಕುಡುಕ ಅಲ್ಲ, ಕಳ್ಳ ಅಲ್ಲ. ಫರಿಸಾಯ (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಥದವನು), ಯೆಹೂದ್ಯರ ಹಿರೀಸಭೆಯವನು, ಧರ್ಮಶಾಸ್ತ್ರ ಕಲಿಸುವವನು, ಊರು ಮರ್ಯಾದೆ ಕೊಡುವ ಮನುಷ್ಯ. ನಮ್ಮ ಕಡೆ ಸಾಕ್ಷಿ ಅಂದರೆ ಏನು? ಸಿಂದಿ, ಸಾರಾಯಿ ಕುಡಿಯುತ್ತಿದ್ದೆ, ಹೆಂಡತಿಗೆ ಹೊಡೆಯುತ್ತಿದ್ದೆ, ಯೇಸು ಬಿಡಿಸಿದ. ಅಂಥ ಸಾಕ್ಷಿ ಸುಳ್ಳಲ್ಲ, ನಾನೇ ಎದುರಿಗೆ ಕೂತು ಕೇಳಿದ್ದೇನೆ. ಆದರೆ ಹೊಸ ಹುಟ್ಟಿನ ಮಾತು ಬೈಬಲ್ಲಿನಲ್ಲಿ ಬಂದದ್ದು ಒಬ್ಬ ಒಳ್ಳೆಯ ಮನುಷ್ಯನಿಗೆ. ತೊಟ್ಟಿಲಲ್ಲೇ ದೀಕ್ಷಾಸ್ನಾನ (ನೀರಿನಿಂದ ಸಭೆಗೆ ಸೇರಿಸುವ ವಿಧಿ) ಆದವರು, ಭಾನುವಾರ ತಪ್ಪಿಸದವರು, ಕಾಣಿಕೆ ಕೊಡುವವರು ಇದ್ದಾರಲ್ಲ, ಅಂದರೆ ನನ್ನಂಥವರು, ನಮಗೇ ಈ ಅಧ್ಯಾಯ ಮೊದಲು ತಾಗುತ್ತದೆ. ಇದನ್ನು ಹೇಳುವಾಗ ಹಿರಿಯರ ಮುಖ ಸ್ವಲ್ಪ ಬಿಗಿಯುತ್ತದೆ. ಬಿಗಿಯಲಿ.

ಅಕ್ಕಪಕ್ಕದ ಬೇರೆ ಸಮಾಜದವರೂ ಒಮ್ಮೊಮ್ಮೆ ಬಂದು ಕೂರುತ್ತಾರೆ. "ಅಂದ್ರೆ ಮುಂದಿನ ಜನ್ಮಾನಾ?" ಅಂತ ಕೇಳುತ್ತಾರೆ. ಅಲ್ಲ, ಇದೇ ಜನ್ಮದ ಮಾತು. ಸತ್ತು ಹುಟ್ಟುವುದಲ್ಲ, ಬದುಕಿರುವಾಗಲೇ ದೇವರು ಒಳಗಿನಿಂದ ಹೊಸ ಜೀವ ಕೊಡುವುದು. ಮುದುಕ ತಾಯಿ ಹೊಟ್ಟೆಗೆ ವಾಪಸ್ ಹೋಗಲಿಕ್ಕೆ ಆಗುತ್ತದಾ ಅಂತ ನಿಕೊದೇಮನೂ ಗೊಂದಲ ಮಾಡಿಕೊಂಡಿದ್ದ ಅಂತ ಹೇಳಿದರೆ ಕೇಳಿದವರಿಗೂ ಸಮಾಧಾನ. ಇಷ್ಟು ಸಾಕು. ಅವರ ನಂಬಿಕೆಯನ್ನು ಹೀಗಳೆಯುವ ಕೆಲಸ ಅಲ್ಲಿ ಬೇಡ.

ಐದನೇ ವಚನಕ್ಕೆ ಬಂದಾಗ ಜಗಳ ಏಳುತ್ತದೆ. ನೀರಿನಿಂದಲೂ ಆತ್ಮದಿಂದಲೂ ಹುಟ್ಟಬೇಕು ಅಂತಿದೆ. ಯಾವ ನೀರು? ದೀಕ್ಷಾಸ್ನಾನದ ನೀರು ಅಂತ ಕೆಲವರು. ಹೆರಿಗೆಯ ನೀರು, ಅಂದರೆ ಮೊದಲ ಹುಟ್ಟು ಅಂತ ಕೆಲವರು. ನಾನು ಬೇರೆ ದಾರಿ ಹಿಡಿಯುತ್ತೇನೆ. ಹತ್ತನೇ ವಚನದಲ್ಲಿ ಯೇಸು, ಇಸ್ರಾಯೇಲಿಗೆ ಬೋಧಿಸುವವನಾಗಿ ನಿನಗೆ ಇದು ತಿಳಿಯದೇ ಅಂತ ಕೇಳುತ್ತಾನೆ. ಹಾಗಾದರೆ ಉತ್ತರ ನಿಕೊದೇಮ ಓದಿದ ಪುಸ್ತಕದಲ್ಲೇ ಇರಬೇಕು. ಯೆಹೆಜ್ಕೇಲ 36ನೇ ಅಧ್ಯಾಯ ತೆಗೆಸಿ, 25ರಿಂದ 27ರವರೆಗೆ ಓದಿಸಿ. ನಿರ್ಮಲವಾದ ನೀರು ಚಿಮುಕಿಸುತ್ತೇನೆ, ಕಲ್ಲಿನ ಹೃದಯ ತೆಗೆದು ಮಾಂಸದ ಹೃದಯ ಕೊಡುತ್ತೇನೆ, ನನ್ನ ಆತ್ಮವನ್ನು ನಿಮ್ಮಲ್ಲಿ ಇಡುತ್ತೇನೆ. ನೀರು, ಆತ್ಮ ಎರಡೂ ಅಲ್ಲಿ ಒಟ್ಟಿಗೇ ಇವೆ. ಮಾಡುವವನು ದೇವರು, ಮಾಡಿಸಿಕೊಳ್ಳುವವರು ನಾವು. ಕೂಸು ತಾನೇ ತನ್ನನ್ನು ಹೆರುವುದಿಲ್ಲ.

ಆದರೂ ದೀಕ್ಷಾಸ್ನಾನದ ಪ್ರಶ್ನೆ ಬಿಡುವುದಿಲ್ಲ. ಯಾಕಂದರೆ ನಮ್ಮಲ್ಲಿ ಒಂದೇ ಮನೆಯಲ್ಲಿ ಮೂರು ಥರದವರು ಇರುತ್ತಾರೆ. ಕಥೋಲಿಕರಿಗೆ ಜ್ಞಾನಸ್ನಾನದಲ್ಲೇ (ದೀಕ್ಷಾಸ್ನಾನಕ್ಕೆ ಅವರ ಹೆಸರು) ಹೊಸ ಹುಟ್ಟು ಆಗುತ್ತದೆ, ಕೂಸಿಗೂ ಆಗುತ್ತದೆ. ಪೆಂತೆಕೋಸ್ತಿನವರು ನಂಬಿದ ಮೇಲೆ ಮಾತ್ರ ನೀರಿನಲ್ಲಿ ಮುಳುಗಿಸುತ್ತಾರೆ. ನಾವು ಕೂಸಿಗೆ ದೀಕ್ಷಾಸ್ನಾನ ಕೊಟ್ಟು, ದೊಡ್ಡವರಾದ ಮೇಲೆ ಅವರ ಬಾಯಿಂದಲೇ ನಂಬಿಕೆ ಹೇಳಿಸುತ್ತೇವೆ. ಚಿಕ್ಕಮ್ಮ ಪೆಂತೆಕೋಸ್ತ್ ಸಭೆಗೆ ಹೋದವರು, ಅಣ್ಣನ ಮಗನ ನೀರು ನೀರೇ ಅಲ್ಲ ಅಂತ ಶುರು ಮಾಡಿದರೆ ವಾದಕ್ಕೆ ಇಳಿಯಬೇಡಿ. ಮೂವರ ಲೆಕ್ಕವನ್ನೂ ಹೀಗೇ ನೇರವಾಗಿ ಹೇಳಿ, ಮುಂದಕ್ಕೆ ಹೋಗಿ. ನಮ್ಮ ಮೆಥೋಡಿಸ್ಟ್ ಪಂಗಡಕ್ಕೆ ನಾಂದಿ ಹಾಕಿದ ಜಾನ್ ವೆಸ್ಲಿ ಕೂಸುಗಳಿಗೆ ದೀಕ್ಷಾಸ್ನಾನ ಬೇಡ ಅನ್ನಲಿಲ್ಲ. ಆದರೆ ಅದೇ ವೆಸ್ಲಿ ತನ್ನ ಪ್ರಸಂಗದಲ್ಲಿ, ದೀಕ್ಷಾಸ್ನಾನದಲ್ಲಿ ಹುಟ್ಟಿದೆ ಅನ್ನುವ ಮುರಿದ ಕೋಲಿಗೆ ಒರಗಬೇಡಿ ಅಂತಲೂ ಹೇಳಿದ. ಎರಡನ್ನೂ ಹಿಡಿದುಕೊಳ್ಳಿ.

ವೆಸ್ಲಿ ಹೆಸರು ಎತ್ತಿದ ಕೂಡಲೇ ಹುಷಾರಾದ ಹುಡುಗರು ಹಿಡಿಯುತ್ತಾರೆ. "ಮೇಡಂ, ತಾರೀಕು ಕೇಳಬಾರದು ಅಂತೀರಿ. ವೆಸ್ಲಿಗೆ ತಾರೀಕು ಇದೆಯಲ್ರೀ?" ಇದೆ. 1738ರ ಮೇ 24, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿ, ರಾತ್ರಿ ಎಂಟೂಮುಕ್ಕಾಲರ ಹೊತ್ತಿಗೆ ಎದೆ ಬೆಚ್ಚಗಾಯಿತು ಅಂತ ಅವನೇ ಬರೆದಿಟ್ಟಿದ್ದಾನೆ. ಅದರ ಅಕ್ಕಪಕ್ಕದ್ದನ್ನೂ ಹೇಳಿ. ಆಗ ಅವನು ಪಾದ್ರಿಯಾಗಿ ಹತ್ತು ವರ್ಷ ಆಗುತ್ತಾ ಬಂದಿತ್ತು. ಮುಂದಿನ ಜನವರಿಯಲ್ಲಿ ದಿನಚರಿಯಲ್ಲಿ, ನಾನು ಕ್ರೈಸ್ತನೇ ಅಲ್ಲ ಅಂತ ಬರೆದುಕೊಂಡ. ತಾರೀಕು ಇದ್ದವನಿಗೂ ತಾರೀಕು ಸಾಕಾಗಲಿಲ್ಲ.

ಹೊಸ ಹುಟ್ಟು ಒಬ್ಬೊಬ್ಬರಿಗೆ ಒಂದೊಂದು ಥರ ಆಗುತ್ತದೆ ಅನ್ನುವುದಕ್ಕೆ ಇನ್ನೂ ಚಂದದ ಉದಾಹರಣೆ ಅಪೊಸ್ತಲರ ಕೃತ್ಯಗಳು 16ರಲ್ಲಿದೆ. ಒಂದೇ ಊರು ಫಿಲಿಪ್ಪಿ, ಒಂದೇ ಅಧ್ಯಾಯ. ಸೆರೆಮನೆಯ ಯಜಮಾನನಿಗೆ ನಡುರಾತ್ರಿ ಭೂಕಂಪ ಆಗಬೇಕಾಯಿತು, ಕತ್ತಿ ಹಿರಿದು ಸಾಯಲು ಹೊರಟಿದ್ದ. ಬಟ್ಟೆ ಮಾರುವ ಲುದ್ಯಳು ನದಿ ದಂಡೆಯಲ್ಲಿ ಕೂತು ಕೇಳುತ್ತಿದ್ದಳು, ಕರ್ತನು ಅವಳ ಹೃದಯ ತೆರೆದ. ಅಷ್ಟೇ. ಸದ್ದಿಲ್ಲ. ಪೌಲನ ಶಿಷ್ಯ ತಿಮೊಥೆಗಂತೂ ನಂಬಿಕೆ ಅಜ್ಜಿ ಲೋವಿ, ತಾಯಿ ಯೂನಿಕೆ ಇವರ ಕಡೆಯಿಂದ ಬಂತು. ಮಕ್ಕಳಿಗೆ ನಾನು ನಮ್ಮ ಬೀದರ್‌ನ ನೌಬಾದದ ಸುರಂಗ ಬಾವಿ ನೆನಪಿಸುತ್ತೇನೆ. ಬಹಮನಿ ಕಾಲದವರು ನೆಲದ ಒಳಗೇ ನೀರು ಹರಿಸಿದರು. ಎಲ್ಲಿ ಒಸರಿ ಸೇರಿತು ಅಂತ ಮೇಲೆ ನಿಂತವರಿಗೆ ಕಾಣುವುದಿಲ್ಲ, ಬಾವಿಯ ಬಾಯಲ್ಲಿ ಬಗ್ಗಿ ನೋಡಿದರೆ ನೀರು ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಹಾಗಾದರೆ ಏನು ಕೇಳಬೇಕು? ಯೋಹಾನನ ಮೊದಲನೇ ಪತ್ರಿಕೆಯಲ್ಲಿ ದೇವರಿಂದ ಹುಟ್ಟಿದವರ ಗುರುತು ಇವೆ. 2:29ರಲ್ಲಿ ನೀತಿಯಿಂದ ನಡೆಯುವುದು, 4:7ರಲ್ಲಿ ಪ್ರೀತಿ, 5:1ರಲ್ಲಿ ಯೇಸುವೇ ಕ್ರಿಸ್ತ ಅಂತ ನಂಬುವುದು. "ಈ ವರ್ಷ ನಿಮ್ಮಲ್ಲಿ ಏನು ಬದಲಾಯಿತು? ಮನೆಯವರಿಗೆ ಗೊತ್ತಾಗಿದೆಯಾ?" ಅಂತ ಕೇಳಿ.

ನಮ್ಮಲ್ಲಿಗೆ ಬರುವ ಒಬ್ಬ ಹಿರಿಯರು, ಭಾಲ್ಕಿ ಕಡೆಯವರು, "ನನಗ ಸಾಕ್ಷಿ ಇಲ್ರೀ ಮೇಡಂ" ಅನ್ನುತ್ತಿದ್ದರು. ಒಮ್ಮೆ ಪ್ರಾರ್ಥನೆ ಮುಗಿದು ಚಹಾ ಕುಡಿಯುವಾಗ ತಮ್ಮನ ಜೊತೆಗಿನ ಬದುವಿನ ಜಗಳ ಹೇಳಿದರು. ತಮ್ಮ ಬದು ಒತ್ತಿ ಒಂದು ಸಾಲು ತೊಗರಿ ಬಿತ್ತಿದ್ದ. ಇವರು ಸರ್ವೇ ಮಾಡಿಸಿದರು, ಕಲ್ಲು ಹಾಕಿಸಿದರು, ಕೋರ್ಟಿಗೆ ಅಂತ ಕಾಗದ ಕೂಡಿಸಿದರು. ಆಮೇಲೆ ಕಾಗದ ಟ್ರಂಕಿನಲ್ಲೇ ಉಳಿಯಿತು. ರಾಶಿ ದಿನ ತಾವೇ ತಮ್ಮನ ಕಣಕ್ಕೆ ಹೋಗಿ ಕೂತು, ಅವನು ಕೊಟ್ಟ ನೀರು ಕುಡಿದರು. ಯಾಕೆ ಹೋದಿರಿ ಅಂದೆ. "ಗೊತ್ತಿಲ್ರೀ. ಮೊದಲಿನ ನಾ ಆಗಿದ್ರ ಹೋಗ್ತಿದ್ದಿಲ್ಲ." ಸಾಕ್ಷಿ ಅಂದರೆ ಇದೇ ಅಂತ ಅವರಿಗೆ ನಾನು ಹೇಳಬೇಕಾಯಿತು!

ಮುಗಿಸುವಾಗ ಕೈ ಎತ್ತಿಸಬೇಡಿ, ಅಳಿಸಬೇಡಿ. ಕೀಬೋರ್ಡ್ ನುಡಿಸುತ್ತಾ "ಇವತ್ತೇ, ಈಗಲೇ" ಅಂತ ಒತ್ತಾಯ ಮಾಡುವುದು ನನಗೆ ಹಿಡಿಸುವುದಿಲ್ಲ. ಗಾಳಿ ತನಗೆ ಬೇಕಾದ ಕಡೆ ಬೀಸುತ್ತದೆ ಅಂತ ಅದೇ 3ನೇ ಅಧ್ಯಾಯದ ಎಂಟನೇ ವಚನ ಓದಿಸಿ, ಮರುಕ್ಷಣವೇ ನಾವು ಫ್ಯಾನ್ ಹಾಕಲು ಹೋಗುವುದು ಯಾಕೆ? ಹಾಗಂತ ಸುಮ್ನೆ ಕೂರಬೇಕು ಅಂತಲೂ ಅಲ್ಲ. 14, 15ನೇ ವಚನದಲ್ಲಿ ಮಾಡಬೇಕಾದದ್ದು ಸ್ಪಷ್ಟ ಇದೆ. ಅರಣ್ಯಕಾಂಡ 21ರಲ್ಲಿ ಹಾವು ಕಚ್ಚಿದವರು ಮೋಶೆ ಎತ್ತಿದ ತಾಮ್ರದ ಸರ್ಪದ ಕಡೆ ನೋಡಿದರು, ಬದುಕಿದರು. ನಮಗೆ ಶಿಲುಬೆಗೆ ಏರಿದವನ ಕಡೆ ನೋಡಿ ನಂಬಬೇಕು ಅಂತಿದೆ. ಅದನ್ನೇ ಒಂದು ಚಿಕ್ಕ ಪ್ರಾರ್ಥನೆ ಮಾಡಿ. ಬೇಕಾದವರು ಮನಸ್ಸಿನಲ್ಲೇ ಹೇಳಿಕೊಳ್ಳಲಿ.

ಒಬ್ಬರೇ ಬಂದು ಮಾತಾಡಬೇಕು ಅಂದರೆ ಅವಸರ ಮಾಡದೆ ಕೇಳಿ. ದೀಕ್ಷಾಸ್ನಾನ ಬೇಕು ಅಂದವರನ್ನು ಪಾಸ್ಟರ್ ಹತ್ತಿರ ಕಳಿಸಿ, ಮನೆಯಲ್ಲೇ ತೀರ್ಮಾನ ಮಾಡಬೇಡಿ. ಉಳಿದವರಿಗೆ ಮನೆಗೆಲಸ ಕೊಡಿ: ಯೋಹಾನನ ಸುವಾರ್ತೆಯ 7ನೇ ಅಧ್ಯಾಯದ 50, 51 ಮತ್ತು 19ನೇ ಅಧ್ಯಾಯದ 39. ಮೊದಲು ನಿಕೊದೇಮ ಸಭೆಯಲ್ಲಿ ಯೇಸುವಿನ ಪರವಾಗಿ ಅರ್ಧ ಮಾತಾಡುತ್ತಾನೆ. ಕೊನೆಗೆ ಯೇಸುವಿನ ಹೆಣಕ್ಕೆ ಹಾಕಲು ಸುಗಂಧದ್ರವ್ಯದ ದೊಡ್ಡ ಹೊರೆ ತರುತ್ತಾನೆ, ಈಗಿನ ಲೆಕ್ಕದಲ್ಲಿ ಮೂವತ್ತು ಕಿಲೋ ಮೇಲೆ. ಅವನು ಯಾವತ್ತು ಹೊಸದಾಗಿ ಹುಟ್ಟಿದ ಅಂತ ಯೋಹಾನ ಎಲ್ಲೂ ಬರೆಯುವುದಿಲ್ಲ. ಮುಂದಿನ ಶುಕ್ರವಾರಕ್ಕೆ 4ನೇ ಅಧ್ಯಾಯ ಇಟ್ಟುಕೊಳ್ಳಿ. ಸಮಾರ್ಯದ ಹೆಂಗಸಿನ ಮಾತು ಓದುವವರನ್ನು ಈಗಲೇ ಗೊತ್ತು ಮಾಡಿ, ಅದು ಜಾಸ್ತಿ ಉದ್ದ ಇದೆ.