ಜುಕಿನಿ ಪಲ್ಯಕ್ಕೆ ಹನಿ ನೀರೂ ಬೇಡ

ಸವತೆಕಾಯಿಯಂತೆ ಕಾಣುವ ಜುಕಿನಿ ಬಳ್ಳಾರಿಯ ದೊಡ್ಡ ತರಕಾರಿ ಅಂಗಡಿಗಳಲ್ಲಿ ಆಗಾಗ ಕಣ್ಣಿಗೆ ಬೀಳುತ್ತದೆ. ಆಸೆಯಿಂದ ಒಯ್ದವರು ಮತ್ತೆ ಕೊಳ್ಳುವುದು ಕಡಿಮೆ. ಪಲ್ಯ ಮೆತ್ತಗಾಯಿತು, ಸಪ್ಪೆ ಎನ್ನುತ್ತಾರೆ. ಹೀರೆಕಾಯಿಗೆ ಮಾಡುವ ಹಾಗೆ ಮೊದಲೇ ಉಪ್ಪು ಹಾಕಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಿದರೆ ಹಾಗೇ ಆಗುವುದು. 100 ಗ್ರಾಂ ಜುಕಿನಿಯಲ್ಲಿ ಸುಮಾರು 95 ಗ್ರಾಂ ನೀರೇ ಇರುತ್ತದೆ. ಆ ನೀರು ಬಾಣಲೆಯಲ್ಲಿ ನಿಲ್ಲದಂತೆ ನೋಡಿಕೊಂಡರೆ ಅರ್ಧ ಅಡುಗೆ ಮುಗಿದ ಹಾಗೆ.

ಇದು ಕುಂಬಳದ ಬಳಗದ ಕಾಯಿ. ಮೂಲ ಅಮೆರಿಕ ಖಂಡ, ಈಗಿನ ರೂಪ ಬಂದದ್ದು ಇಟಲಿಯಲ್ಲಿ. ಎಳೆಯದಿದ್ದಾಗಲೇ ಕೊಯ್ಯಬೇಕು. ಅದಕ್ಕೇ ಕೊಳ್ಳುವಾಗ ಒಂದು ಗೇಣಿಗಿಂತ ಉದ್ದದ್ದು ಬೇಡ. ಬಲಿತರೆ ಬೀಜ ಗಟ್ಟಿ, ತಿರುಳು ಬೆಂಡು. ಸಿಪ್ಪೆ ಹೊಳೆಯುತ್ತಿರಬೇಕು, ಉಗುರು ಒತ್ತಿದರೆ ಸಲೀಸಾಗಿ ಇಳಿಯಬೇಕು. ಹಸಿರು, ಹಳದಿ ಎರಡರ ಅಡುಗೆಯೂ ಒಂದೇ. ನಮ್ಮ ಬಿಸಿಲಿಗೆ ಹೊರಗಿಟ್ಟರೆ ಬೇಗ ಬಾಡುತ್ತದೆ. ತೊಳೆಯದೆ ಫ್ರಿಜ್‌ನಲ್ಲಿಟ್ಟು ನಾಲ್ಕೈದು ದಿನದೊಳಗೆ ಬಳಸಿ.

ಹೆಚ್ಚುವ ಮೊದಲು ತುದಿಯ ಚೂರೊಂದನ್ನು ನಾಲಿಗೆಗೆ ತಾಗಿಸಿ ನೋಡಿ. ಕಹಿ ಇದ್ದರೆ ಉಗುಳಿ, ಇಡೀ ಕಾಯಿ ಎಸೆದುಬಿಡಿ. ಕಹಿ ಒಳ್ಳೆಯದು ಅನ್ನುವ ಹಾಗಲಕಾಯಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇದರ ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ವಿಷದ ಅಂಶ. ಬೇಯಿಸಿದರೂ ಅದು ಹೋಗುವುದಿಲ್ಲ. ವಾಂತಿ, ಭೇದಿ ಆಗಬಹುದು.

ಪಲ್ಯ ಮಾಡುವ ಬಗೆ

ನಾಲ್ಕು ಜನಕ್ಕೆ ಅರ್ಧ ಕಿಲೋ ಜುಕಿನಿ ಸಾಕು. ತೊಳೆದು ಬಟ್ಟೆಯಿಂದ ಒರೆಸಿ. ಸಿಪ್ಪೆ ತೆಗೆಯಬೇಡಿ. ನಾರು ಮತ್ತು ಕಣ್ಣಿಗೆ ಬೇಕಾದ ಲ್ಯುಟೀನ್ ಸಿಪ್ಪೆಯಲ್ಲೇ ಜಾಸ್ತಿ. ಹೋಳುಗಳು ಬೆರಳಿನಷ್ಟು ದಪ್ಪ ಇರಲಿ, ತೆಳ್ಳಗಾದರೆ ಕರಗಿ ಹೋಗುತ್ತವೆ.

ಅಗಲವಾದ ಬಾಣಲೆಯಲ್ಲಿ ಎರಡು ಚಮಚ ಶೇಂಗಾ ಎಣ್ಣೆ ಕಾಯಿಸಿ. ಸಾಸಿವೆ, ಜೀರಿಗೆ, ಕರಿಬೇವು, ಜಜ್ಜಿದ ಐದಾರು ಎಸಳು ಬಳ್ಳೊಳ್ಳಿ ಹಾಕಿ. ಆಮೇಲೆ ಹೆಚ್ಚಿದ ಒಂದು ಉಳ್ಳಾಗಡ್ಡಿ. ಅದು ಕೆಂಪಗಾದಾಗ ಉರಿ ದೊಡ್ಡದು ಮಾಡಿ ಹೋಳುಗಳನ್ನು ಸುರಿಯಿರಿ. ಹೋಳಿನ ಮೇಲೆ ಹೋಳು ಕೂತರೆ ಹಬೆಯಲ್ಲಿ ಬೇಯುತ್ತವೆ, ಹುರಿಯುವುದಿಲ್ಲ. ಬಾಣಲೆ ಸಣ್ಣದಿದ್ದರೆ ಎರಡು ಸಲ ಮಾಡಿ. ಮುಚ್ಚಳ ಬೇಡ. ಸುಮ್ನೆ ಸುಮ್ನೆ ಕೈಯಾಡಿಸಲೂ ಬೇಡಿ. ಒಂದು ಮಗ್ಗುಲು ಕಂದು ಬಣ್ಣಕ್ಕೆ ಬಂದ ಮೇಲೆ ತಿರುವಿ. ಐದಾರು ನಿಮಿಷಕ್ಕೆ ಹೊರಗೆ ಮೆತ್ತಗೆ, ನಡುವೆ ಸ್ವಲ್ಪ ಗಟ್ಟಿ ಇರುತ್ತದೆ. ಅದೇ ಹದ.

ಈಗ ಉರಿ ಸಣ್ಣದು ಮಾಡಿ ಅರಿಶಿಣ, ಒಂದು ಚಮಚ ಖಾರಪುಡಿ ಹಾಕಿ. ಉಪ್ಪು ಹಾಕಬೇಕಾದ್ದೂ ಈಗಲೇ, ಮೊದಲು ಹಾಕಿದರೆ ಅದು ನೀರೆಳೆಯುತ್ತದೆ. ಕೊನೆಗೆ ಹುರಿದು ತರಿತರಿಯಾಗಿ ಕುಟ್ಟಿದ ಶೇಂಗಾ ಪುಡಿ ಮೂರು ದೊಡ್ಡ ಚಮಚ. ಉಳಿದ ಪಸೆಯನ್ನೆಲ್ಲ ಶೇಂಗಾ ಹೀರಿಕೊಂಡು ಮಸಾಲೆಯನ್ನು ಹೋಳಿಗೆ ಅಂಟಿಸುತ್ತದೆ. ಶೇಂಗಾ ಬದಲು ಗುರೆಳ್ಳು ಪುಡಿಯೂ ಆದೀತು, ನನಗಂತೂ ಗುರೆಳ್ಳೇ ಹೆಚ್ಚು ಇಷ್ಟ. ಕೊತ್ತಂಬರಿ ಉದುರಿಸಿ, ನಿಂಬೆಹಣ್ಣು ಹಿಂಡಿ, ಬಿಸಿ ಜೋಳದ ರೊಟ್ಟಿ ಜೊತೆ ತಕ್ಷಣ ತಿನ್ನಿ. ಡಬ್ಬಿ ಕಟ್ಟುವುದಕ್ಕೆ ಈ ಪಲ್ಯ ಒಳ್ಳೆಯದಲ್ಲ, ಮಧ್ಯಾಹ್ನದ ಹೊತ್ತಿಗೆ ನೀರು ಬಿಟ್ಟಿರುತ್ತದೆ.

ಹೀಗೆ ಮಾಡುವುದರಲ್ಲಿ ರುಚಿ ಮಾತ್ರವಲ್ಲ, ಆರೋಗ್ಯದ ಲಾಭವೂ ಇದೆ. 100 ಗ್ರಾಂ ಹಸಿ ಜುಕಿನಿಯಲ್ಲಿ ಸುಮಾರು 18 ಮಿಲಿಗ್ರಾಂ ಸಿ ವಿಟಮಿನ್ ಇದೆ. ನೀರಿನಲ್ಲಿ ಕುದಿಸಿ ಬಸಿದರೆ ಅದರಲ್ಲಿ ಒಂದಷ್ಟು ನಷ್ಟ. ಲ್ಯುಟೀನ್ ಮೈಗೆ ಹತ್ತಬೇಕಾದರೆ ಜೊತೆಗೆ ಎಣ್ಣೆಯ ಅಂಶ ಬೇಕು. ಒಗ್ಗರಣೆ, ಶೇಂಗಾ ಎರಡೂ ಆ ಕೆಲಸ ಮಾಡುತ್ತವೆ. 100 ಗ್ರಾಂ ಜುಕಿನಿಯಲ್ಲಿ 17 ಕ್ಯಾಲೊರಿ, 3 ಗ್ರಾಂ ಪಿಷ್ಟ-ಸಕ್ಕರೆ. ಆಲೂಗಡ್ಡೆಯಲ್ಲಿ ಇವು ಸುಮಾರು 77 ಮತ್ತು 17. ಸಕ್ಕರೆ ಕಾಯಿಲೆ ಇರುವವರ ತಟ್ಟೆಯಲ್ಲಿ ಆಲೂಗಡ್ಡೆ ಪಲ್ಯದ ಜಾಗಕ್ಕೆ ಇದು ಬಂದರೆ ಒಳ್ಳೆಯದೇ ಅಲ್ವಾ? ಆದರೆ ಇದು ಔಷಧಿಯಲ್ಲ. ಪ್ರೋಟೀನ್ ಒಂದು ಗ್ರಾಂ ಚಿಲ್ಲರೆ ಅಷ್ಟೇ, ಹಾಗಾಗಿ ಪಕ್ಕದಲ್ಲಿ ಬೇಳೆಯೋ ಮೊಸರೋ ಇರಲೇಬೇಕು. ಪೊಟ್ಯಾಸಿಯಂ ಸುಮಾರು 260 ಮಿಲಿಗ್ರಾಂ ಇರುವುದರಿಂದ ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳಿ ತಿನ್ನಬೇಕು. ಬೆಲೆ ಏರಿದ ದಿನ ಇದರ ಹಿಂದೆ ಬೀಳಬೇಡಿ. ಎಳೆ ಹೀರೆಕಾಯಿ, ಸೋರೆಕಾಯಿಯೂ ಹೊಟ್ಟೆಗೆ ಹಗುರವೇ.

ಉಳಿದ ಕಾಯಿಗೆ ತಾಲಿಪಟ್ಟು

ಇಲ್ಲಿ ಅದೇ ನೀರು ಕೆಲಸಕ್ಕೆ ಬರುತ್ತದೆ. ಒಂದು ಜುಕಿನಿ ತುರಿದು, ಅರ್ಧ ಚಮಚ ಉಪ್ಪು ಕಲಸಿ ಹತ್ತು ನಿಮಿಷ ಬಿಡಿ. ತುರಿ ನೀರಾಡುತ್ತದೆ, ಚೆಲ್ಲಬೇಡಿ. ಒಂದೂವರೆ ಬಟ್ಟಲು ಜೋಳದ ಹಿಟ್ಟು, ಅರ್ಧ ಬಟ್ಟಲು ಕಡಲೆಹಿಟ್ಟು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಜೀರಿಗೆ, ಎಳ್ಳು ಸೇರಿಸಿ ಅದರಲ್ಲೇ ನಾದಿ. ತೀರಾ ಒಣಗಿದ್ದರೆ ಮಾತ್ರ ಒಂದೆರಡು ಚಮಚ ನೀರು ಚಿಮುಕಿಸಿ. ಎಣ್ಣೆ ಸವರಿದ ತಣ್ಣನೆಯ ಹಂಚಿನ ಮೇಲೆ ತೆಳ್ಳಗೆ ತಟ್ಟಿ, ಬೆರಳಿನಿಂದ ನಾಲ್ಕೈದು ತೂತು ಮಾಡಿ ಎಣ್ಣೆ ಬಿಡಿ. ಹದ ಉರಿಯಲ್ಲಿ ಮುಚ್ಚಿ ಬೇಯಿಸಿ, ತಿರುವಿ ಹಾಕಿ. ಹಿಟ್ಟನ್ನು ನಾದಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ. ಹೊತ್ತಾದಷ್ಟೂ ಸಡಿಲವಾಗಿ ತಟ್ಟಲು ಬರುವುದಿಲ್ಲ.